ಕರಿ ಮನೆಯ ಗುಟ್ಟು: ಪದದಾಟ ಅಡಗಿಸಿದ ಪದಬಂಧ ಬಿಡಿಸುವ ಬಗೆ

"ಎಲ್ಲ ಮನೆ ತುಂಬಿದೀನ್ರೀ. ಆದರ ಅದರೊಳಗ ಏನೋ ಗುಟ್ಟೈತಿ ಅಂತೀರಲ್ಲ, ಅದೆಲ್ಲಿ?"

ಪದಬಂಧ ಹೆಣೆಯುವ ನನಗೆ ಧಾರವಾಡದ ಸಂತೆಯಲ್ಲಿ, ಹುಬ್ಬಳ್ಳಿಯ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಈ ಪ್ರಶ್ನೆ ಬಂದಿದೆ. ಒಬ್ಬೊಬ್ಬರಿಗೆ ನಿಂತಲ್ಲೇ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಒಮ್ಮೆ ಕೂತು ಬರೆದಿದ್ದೇನೆ. ಸಾದಾ ಪದಬಂಧ ಬಿಡಿಸಲು ನಿಮಗೆ ಬರುತ್ತದೆ ಎಂದುಕೊಂಡೇ ಶುರು ಮಾಡುತ್ತೇನೆ.

ಮೊದಲು, ಗುಟ್ಟು ಅಂದರೆ ಏನು? ಸಾದಾ ಪದಬಂಧದಲ್ಲಿ ಉತ್ತರಗಳಿಗೆ ಒಂದಕ್ಕೊಂದು ನಂಟಿಲ್ಲ. ಮನೆ ತುಂಬಿದರೆ ಆಟ ಮುಗಿಯಿತು. ಗುಟ್ಟಿನ ಪದಬಂಧದಲ್ಲಿ ಕೆಲವು ಉತ್ತರಗಳನ್ನು ಒಂದೇ ದಾರದಲ್ಲಿ ಪೋಣಿಸಿರುತ್ತಾರೆ. ಆ ದಾರ ಅರ್ಥದ್ದಲ್ಲ, ಅಕ್ಷರಗಳದ್ದು. 'ಎಲ್ಲ ಉತ್ತರವೂ ಹಣ್ಣಿನ ಹೆಸರು' ಎಂಬುದು ಬರೀ ವಿಷಯ. 'ಎಲ್ಲ ಉತ್ತರದಲ್ಲೂ ಒಂದು ಅಕ್ಷರ ಕಾಣೆಯಾಗಿದೆ' ಎಂಬುದು ಪದದಾಟ. ನಾವು ಹುಡುಕುವುದು ಇದನ್ನು.

ಇಂಗ್ಲಿಷ್ ಪದಬಂಧದವರು ಹೀಗೆ ಚೌಕಟ್ಟಿನೊಳಗೆ ಅಡಗಿಸಿದ ಮಾತಿಗೆ 'ನೀನಾ' ಎನ್ನುತ್ತಾರೆ. ಅಮೆರಿಕದ ಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ಅವರಿಗೆ 1945ರಲ್ಲಿ ಮಗಳು ಹುಟ್ಟಿದಳು. ಹೆಸರು ನೀನಾ. ಆಮೇಲೆ ಅವರು ತಮ್ಮ ರೇಖಾಚಿತ್ರಗಳಲ್ಲಿ, ಕೂದಲಿನ ಎಳೆಯಲ್ಲೋ ಅಂಗಿಯ ಮಡಿಕೆಯಲ್ಲೋ ಆ ಹೆಸರನ್ನು ಅಡಗಿಸುತ್ತಾ ಹೋದರು. ನೋಡುವವರಿಗೆ ಹುಡುಕುವುದೇ ಚಟವಾಯಿತು. ಕನ್ನಡಕ್ಕಂತೂ ಈ ಹೆಸರು ಹೇಳಿ ಮಾಡಿಸಿದ ಹಾಗಿದೆ. ಗುಟ್ಟು ಕೊನೆಗೆ ಕಣ್ಣಿಗೆ ಬಿದ್ದಾಗ ಬಾಯಿಂದ ಬರುವುದೂ ಅದೇ ಅಲ್ವಾ: "ಓಹೋ, ನೀನಾ!"

ಏನೇನು ಬೇಕು?

ಪೆನ್ಸಿಲ್ಲು, ರಬ್ಬರು, ಒಂದು ಖಾಲಿ ಹಾಳೆ. ಪೆನ್ನು ಬೇಡ. ಗುಟ್ಟಿನ ಪದಬಂಧದಲ್ಲಿ ತಪ್ಪಿ ಬರೆದು ಅಳಿಸುವುದು ಆಟದ ಭಾಗ. ಒಂದು ನಿಘಂಟು ಇದ್ದರೆ ಒಳ್ಳೆಯದು. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇವತ್ತಿಗೂ ಹಳೆ ಪದಗಳಿಗೆ ಕೈಬಿಡುವುದಿಲ್ಲ. ಆದರೆ ನಿಘಂಟನ್ನು ಪಕ್ಕದ ಕೋಣೆಯಲ್ಲಿಡಿ. ಎದ್ದು ಹೋಗಿ ತರುವಷ್ಟು ಹಟ ಬಂದಾಗ ಮಾತ್ರ ತೆಗೆಯಿರಿ. ಫೋನಂತೂ ಇನ್ನೂ ದೂರ ಇರಲಿ.

ಇನ್ನು ಕೆಲವು ಮಾತುಗಳು. 'ಮನೆ' ಅಂದರೆ ಒಂದು ಚೌಕ. ಬಿಳಿ ಮನೆಯಲ್ಲಿ ಬರೆಯುತ್ತೇವೆ, ಕರಿ ಮನೆ ತಡೆಗೋಡೆ. 'ಸುಳಿವು' ಅಂದರೆ ಉತ್ತರಕ್ಕೆ ಕೊಟ್ಟ ವಾಕ್ಯ. 'ಅಡ್ಡ' ಎಡದಿಂದ ಬಲಕ್ಕೆ, 'ಉದ್ದ' ಮೇಲಿನಿಂದ ಕೆಳಕ್ಕೆ. ಸುಳಿವಿನ ಕೊನೆಗೆ ಕಂಸದಲ್ಲಿರುವ ಅಂಕಿ ಎಷ್ಟು ಮನೆ ಎಂದು ಹೇಳುತ್ತದೆ. 'ಕೀಲಿ ಪದ' ಅಂತ ಒಂದಿದೆ, ಗುಟ್ಟನ್ನು ಬಾಯಿಬಿಟ್ಟು ಹೇಳುವ ಉತ್ತರ ಅದು. ಎಲ್ಲ ಪದಬಂಧದಲ್ಲೂ ಇರುವುದಿಲ್ಲ. ಇದ್ದರೆ ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲಿ ಕೂತಿರುತ್ತದೆ.

ಹಂತ 1: ಶೀರ್ಷಿಕೆ ಓದಿ, ಮರೆತುಬಿಡಿ

ಗುಟ್ಟಿನ ಪದಬಂಧಕ್ಕೆ ಬಹುಪಾಲು ಒಂದು ಶೀರ್ಷಿಕೆ ಇರುತ್ತದೆ. ಅದು ಸುಮ್ನೆ ಇಟ್ಟ ಹೆಸರಲ್ಲ. ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆದುಕೊಳ್ಳಿ. ಅದರ ಪದಗಳಿಗೆ ಎಷ್ಟು ಅರ್ಥ ಹೊಳೆಯುತ್ತವೋ ಅಷ್ಟನ್ನೂ ಕೆಳಗೆ ಬರೆಯಿರಿ. ಆಮೇಲೆ ಅದರ ಗೊಡವೆ ಬಿಟ್ಟು ಸುಳಿವುಗಳಿಗೆ ಹೋಗಿ. ಶೀರ್ಷಿಕೆಯಿಂದಲೇ ಗುಟ್ಟು ಹಿಡಿಯುತ್ತೇನೆ ಎಂದು ಹೊರಟವರು ಇಡೀ ಬೆಳಗ್ಗೆ ಅಲ್ಲೇ ಕೂತಿದ್ದನ್ನು ನೋಡಿದ್ದೇನೆ. ಶೀರ್ಷಿಕೆ ಇರುವುದು ದಾರಿ ತೋರಿಸಲು ಅಲ್ಲ, ನೀವು ತಲುಪಿದ್ದು ಸರಿಯಾದ ಊರೇ ಎಂದು ಖಾತ್ರಿ ಮಾಡಲು.

ಹಂತ 2: ಅಕ್ಷರ ಎಣಿಸುವುದನ್ನು ಸರಿಮಾಡಿಕೊಳ್ಳಿ

ಇದು ಗೊತ್ತಿದೆ ಎಂದುಕೊಂಡವರೇ ಎಡವುವ ಜಾಗ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಹೆಣೆದಾಗ ಅವರ ಕೈಯಲ್ಲಿದ್ದದ್ದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೇ 442 ಆಗುತ್ತದೆ. (ಬೇಂದ್ರೆಯವರಿಗೆ 441 ಎಂದರೆ ಪ್ರೀತಿ. ನಮಗೆ ಒಂದು ಜಾಸ್ತಿಯೇ ಸಿಕ್ಕಿತು.) ಒತ್ತಕ್ಷರ ಸೇರಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಅಡ್ಡ ಪದವೂ ಉದ್ದ ಪದವೂ ಒಂದೇ ಮನೆಯಲ್ಲಿ ಕೂಡಬೇಕಾದರೆ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಹೊಂದಬೇಕು. ಕನ್ನಡದ ಪದಬಂಧಗಳಲ್ಲಿ ಕರಿ ಮನೆ ಜಾಸ್ತಿ ಇರುವುದು ಇದೇ ಕಾರಣಕ್ಕೆ.

ಎಣಿಕೆಯ ನಿಯಮ ಇಷ್ಟೇ. ಒತ್ತಕ್ಷರ ಒಂದೇ ಮನೆ: 'ಹುಬ್ಬಳ್ಳಿ'ಗೆ ಹು, ಬ್ಬ, ಳ್ಳಿ, ಮೂರೇ ಮನೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ ಇದ್ದರೂ ಊರ ಹೆಸರು ಮೂರು ಮನೆಯಲ್ಲಿ ಮುಗಿಯುತ್ತದೆ! ಸೊನ್ನೆ ಹಿಂದಿನ ಅಕ್ಷರದ ಜೊತೆಗೇ ಹೋಗುತ್ತದೆ: 'ಕುಂದಗೋಳ' ನಾಲ್ಕು ಮನೆ. ಕೊನೆಗೆ ಬರುವ ಅರ್ಧಾಕ್ಷರಕ್ಕೆ ತನ್ನದೇ ಮನೆ: 'ಬಸ್' ಎರಡು. ಆದರೆ ಹೆಣೆಯುವವರು ಇದನ್ನು 'ಬಸ್ಸು' ಎಂದೂ ಬರೆಯಬಹುದು, ಆಗಲೂ ಎರಡೇ.

ಎಚ್ಚರಿಕೆ: ಧಾರವಾಡದ ಕಡೆಯ ನಾವು ಮನೆಯನ್ನು 'ಮನಿ', ಬದನೆಯನ್ನು 'ಬದನಿ' ಎನ್ನುತ್ತೇವೆ. ಅವಸರದಲ್ಲಿ ಹಾಗೇ ಬರೆದೂ ಬಿಡುತ್ತೇವೆ. ಸುಳಿವಿನಲ್ಲಿ 'ನಮ್ಮ ಕಡೆ', 'ಆಡುಮಾತಲ್ಲಿ' ಎಂದು ಸೂಚನೆ ಇದ್ದರೆ ಮಾತ್ರ ಹಾಗೆ ಬರೆಯಬೇಕು. ಇಲ್ಲದಿದ್ದರೆ ಬರಹದ ರೂಪವೇ ಸರಿ. ಊರ ಹೆಸರಿನಲ್ಲೂ ಇದೇ ಕಾಟ. ಸವಣೂರ, ಸವಣೂರು ಎರಡೂ ಬಳಕೆಯಲ್ಲಿವೆ. ಕೊನೆಯ ಅಕ್ಷರವನ್ನು ಉದ್ದ ಪದ ಬಂದು ಹೇಳುವವರೆಗೆ ತೆಳ್ಳಗೆ ಬರೆಯಿರಿ.

ಹಂತ 3: ನೇರ ಸುಳಿವುಗಳನ್ನು ಮೊದಲು ಮುಗಿಸಿ

'ಷಡ್ಜದ ಮುಂದಿನ ಸ್ವರ', 'ಏಡಿಯ ರಾಶಿ', ಹೀಗೆ ಸೊಟ್ಟ ಇಲ್ಲದ ಸುಳಿವುಗಳನ್ನು ಒಂದು ಸುತ್ತು ನೋಡಿ ತುಂಬಿಬಿಡಿ. ಒಂದೇ ವಸ್ತುವಿಗೆ ಹತ್ತು ಹೆಸರು ಇರುವ ಸುಳಿವು ಬಂದರೆ ತಡೆಯಿರಿ. ತಾವರೆ ಎಂದರೆ ಕಮಲ, ಪದ್ಮ, ನೀರಜ, ಅಂಬುಜ, ವನಜ. ಮನೆ ಲೆಕ್ಕ ಒಂದೇ ಸಾಲದು, ಒಂದಾದರೂ ಅಕ್ಷರ ಕೈಯಲ್ಲಿರಲಿ.

ಹಂತ 4: ಸೊಟ್ಟ ಸುಳಿವುಗಳನ್ನು ಬಿಚ್ಚಿ

ಗುಟ್ಟಿನ ಪದಬಂಧ ಹೆಣೆಯುವವರ ಜೀವ ಇರುವುದು ಇಲ್ಲಿ. ಸೊಟ್ಟ ಸುಳಿವಿನಲ್ಲಿ ಎರಡು ಭಾಗ ಇರುತ್ತವೆ. ಒಂದು, ಉತ್ತರದ ನೇರ ಅರ್ಥ. ಇನ್ನೊಂದು, ಅಕ್ಷರಗಳ ಆಟ. ನೇರ ಅರ್ಥ ಬಹುಪಾಲು ವಾಕ್ಯದ ಈ ತುದಿಯಲ್ಲೋ ಆ ತುದಿಯಲ್ಲೋ ಇರುತ್ತದೆ. ಉಳಿದದ್ದೆಲ್ಲ ಆಟ. ವಾಕ್ಯ ಹೇಳುವ ಕಥೆಯನ್ನು ನಂಬಬೇಡಿ. ನಮ್ಮ ಒಡಪುಗಳೂ ಹೀಗೇ ತಾನೆ? ಹೇಳುವುದೊಂದು, ತೋರುವುದೊಂದು.

ಜೋಡಿಸುವ ಆಟ. 'ಬೆಳಗಾವಿಯ ಸಿಹಿ, ಭೂಮಿಯ ಆಕಾರ. ಸೇರಿದರೆ ಸವಾಯಿ ಗಂಧರ್ವರ ಊರು (4)'. ಬೆಳಗಾವಿಯ ಸಿಹಿ ಕುಂದ, ಭೂಮಿ ಗೋಳ. ಕುಂದಗೋಳ. ಇನ್ನೊಂದು: '"ಹಾ!" ಎಂದರೂ ನಗುವುದಿಲ್ಲ, ಹಾವೇರಿ ಜಿಲ್ಲೆಯ ಊರು (4)'. ಹಾ, ನಗಲ್ಲ. ಹಾನಗಲ್ಲ. ಹಾವೇರಿಗೂ ಒಂದು ಇದೆ: '"ಹಗ್ಗ ಅಲ್ರೀ, ಅದು..." ಎಂದು ಕೂಗಿದ ಜಿಲ್ಲೆ (3)'. ಹಾವೇ ರೀ! ಇಲ್ಲಿ 'ರಿ' ಗಿಡ್ಡವೋ ಉದ್ದವೋ ಎಂದು ಜಗಳಕ್ಕೆ ಬರುವವರು ಇದ್ದಾರೆ. ಮಾತಿನ ಕೂಗಿನಲ್ಲಿ ಅಷ್ಟು ಸಡಿಲ ಇರಲಿ ಎನ್ನುವುದು ನನ್ನ ಪಕ್ಷ.

ತಿರುಗಿಸುವ ಆಟ. 'ದಿನ ತಿರುಗಿದರೆ ಹರಿಯುತ್ತದೆ (2)'. ದಿ-ನ ಹಿಂದಿನಿಂದ ಓದಿದರೆ ನ-ದಿ. ತಿರುಗು, ಮರಳು, ಹಿಮ್ಮುಖ, ಉಲ್ಟಾ, ಬೆನ್ನು ಹಾಕು, ಇಂಥ ಪದ ಕಂಡರೆ ಅನುಮಾನ ಪಡಿ. ಉದ್ದ ಸುಳಿವಿನಲ್ಲಾದರೆ 'ತಲೆಕೆಳಗು', 'ಮೇಲೆದ್ದ' ಎಂದೂ ಇರಬಹುದು.

ಕಲಕುವ ಆಟ, ಅಂದರೆ ಅಕ್ಷರ ಪಲ್ಲಟ. 'ಮಾನವಿಯಲ್ಲಿ ಗೊಂದಲವೆದ್ದು ಹಾರಿತು (3)'. ರಾಯಚೂರು ಜಿಲ್ಲೆಯ ಊರಿಗೂ ಉತ್ತರಕ್ಕೂ ಸಂಬಂಧವೇ ಇಲ್ಲ. ಮಾ, ನ, ವಿ ಕಲಕಿದರೆ ವಿಮಾನ. ಗೊಂದಲ, ಚೆಲ್ಲಾಪಿಲ್ಲಿ, ಕಲಸುಮೇಲೋಗರ, ಗಲಿಬಿಲಿ, ಕುಡಿದು ತೂರಾಡು, ಇವೆಲ್ಲ ಕಲಕು ಎನ್ನುವ ಸನ್ನೆ. ಕಲಕುವಾಗ ಇಡೀ ಅಕ್ಷರವೇ ಜಾಗ ಬದಲಿಸುತ್ತದೆ. 'ವಿ'ಯ ಗುಡಿಸನ್ನು ಕಿತ್ತು ಬೇರೆಯದಕ್ಕೆ ಹಚ್ಚುವ ಹಾಗಿಲ್ಲ.

ಅಡಗಿಸುವ ಆಟ. 'ಯಾರ ಸಂತೆಯೊಳಗೆ ಸಿಕ್ಕಿತು ಈ ಸಾರು? (2)'. 'ಯಾರ ಸಂತೆ' ಎಂಬ ಎರಡು ಪದಗಳ ಸಂದಿಯಲ್ಲಿ ರಸಂ ಕೂತಿದೆ. 'ಒಳಗೆ', 'ನಡುವೆ', 'ಬಚ್ಚಿಟ್ಟ' ಎನ್ನುವ ಪದ ಕಂಡರೆ ಪದಗಳ ನಡುವಿನ ಖಾಲಿ ಜಾಗವನ್ನು ಮರೆತು ಓದಿ.

ಎರಡು ಅರ್ಥದ ಆಟ. 'ಚಟ್ನಿ ಮಾಡಿದರೆ ರೊಟ್ಟಿಗೆ, ಕಟ್ಟಿದರೆ ಊರಿಗೆ (3)'. ಉತ್ತರ ಅಗಸಿ. ಕಾಳೂ ಹೌದು, ಊರ ಹೆಬ್ಬಾಗಿಲೂ ಹೌದು. ಬೆಂಗಳೂರಿನ ಗೆಳೆಯರು ಇದರಲ್ಲಿ ಸಿಕ್ಕಿಬಿದ್ದರೆ ಬೇಜಾರಾಗಬೇಡಿ. ಅವರ ಕಡೆಯ ಪದಗಳಲ್ಲಿ ನಾವೂ ಸಾಕಷ್ಟು ಸಲ ಸಿಕ್ಕಿಬಿದ್ದಿದ್ದೇವೆ.

ಹಂತ 5: ಅರ್ಧದಲ್ಲಿ ನಿಲ್ಲಿ

ಪದಬಂಧ ಸುಮಾರು ಅರ್ಧ ತುಂಬಿದ ಮೇಲೆ ಪೆನ್ಸಿಲ್ ಕೆಳಗಿಡಿ. ಇದು ನಾನು ಹೇಳುವ ಹಂತಗಳಲ್ಲಿ ಬಹಳ ಜನ ಬಿಟ್ಟುಬಿಡುವ ಹಂತ. ತುಂಬುವ ಉಮೇದಿನಲ್ಲಿ ಕೈ ನಿಲ್ಲುವುದೇ ಇಲ್ಲ. ಆದರೆ ಕಣ್ಣಿಗೆ ಬೇಕಾಗುವ ಗುರುತುಗಳು ಆಗಲೇ ಬಂದಿರುತ್ತವೆ.

ಹಾಳೆಯಲ್ಲಿ ಬರೆಯಿರಿ: ಯಾವ ಉತ್ತರ ವಿಚಿತ್ರವಾಗಿದೆ? ಯಾವುದಕ್ಕೆ ಉತ್ತರ ಗೊತ್ತಿದ್ದರೂ ಮನೆ ಸಾಲುತ್ತಿಲ್ಲ, ಅಥವಾ ಉಳಿಯುತ್ತಿದೆ? ಅಷ್ಟೇನೂ ಬಳಕೆಯಲ್ಲಿಲ್ಲದ ಪದವನ್ನು ಹೆಣೆದವರು ಯಾಕೆ ತಂದು ಕೂರಿಸಿದರು? ಕರಿ ಮನೆಗಳು ಸಾಲಾಗಿ ಏನಾದರೂ ಆಕಾರ ಮಾಡಿವೆಯೇ? ಯಾವ ಅಕ್ಷರ ಮತ್ತೆ ಮತ್ತೆ ಬರುತ್ತಿದೆ, ಅದೂ ಒಂದೇ ಥರದ ಜಾಗದಲ್ಲಿ?

ಕೊನೆಯ ಪ್ರಶ್ನೆಯೇ ಮುಖ್ಯ. 'ಕ' ಬಹಳ ಸಲ ಬಂದರೆ ಅದರಲ್ಲಿ ವಿಶೇಷ ಏನೂ ಇಲ್ಲ, ಕನ್ನಡದಲ್ಲಿ ಅದು ಬರುವುದೇ. ಆದರೆ ಪ್ರತಿ ಸಲವೂ ಕರಿ ಮನೆಯ ಎಡಗಡೆಗೇ ಬಂದು ನಿಂತರೆ? ಅದು ಆಕಸ್ಮಿಕ ಅಲ್ಲ.

ಹಂತ 6: ಊಹಿಸಿ, ಊಹೆಯನ್ನು ಮುರಿಯಲು ನೋಡಿ

ಇದನ್ನು ಬರೀ ಮಾತಲ್ಲಿ ಹೇಳಿದರೆ ಆಗದು. ಈ ಲೇಖನಕ್ಕೆಂದೇ ನಾನು ಹೆಣೆದ ಪುಟ್ಟ ಪದಬಂಧದ ನಾಲ್ಕು ಸಾಲು ಇಲ್ಲಿವೆ. ಅಗಲ ಏಳು ಮನೆ. ಮೊದಲ ಮೂರು ಸಾಲುಗಳಿಗೆ ನಾಲ್ಕನೇ ಮನೆ ಕರಿ. ಶೀರ್ಷಿಕೆ: 'ಅಗಸಿಯ ಮುಂದೆ'.

ಮೊದಲ ಸಾಲು: 'ಶಾಲೆ ತಪ್ಪಿಸಲು ಹೊಟ್ಟೆನೋವು ಎಂದವನು ಆಡಿದ್ದು, ಗದುಗಿನ ಗರುಡ ಸದಾಶಿವರಾಯರು ಆಡಿಸಿದ್ದು (3)'. 'ಎತ್ತಲಿಂದ ಬಿಚ್ಚಿದರೂ ಮೆಕ್ಯಾನಿಕ್ ಮಾಡುವುದು ಇದನ್ನೇ (3)'.

ಎರಡನೆಯದು: 'ಗಾಯದಿಂದ ಶುರುವಾದರೂ ಕಿವಿಗೆ ಹಿತ ಕೊಡುವವನು (3)'. 'ಹಿಂದೂಸ್ತಾನಿ ಕಲಿಯುವವರಿಗೆ ದಿನಾ ತಪ್ಪದ ಸಾಧನೆ (3)'.

ಮೂರನೆಯದು: 'ಬಾಡದಲ್ಲಿ ಹುಟ್ಟಿ, ಬಾಡದೆ ಉಳಿದ ಚಿನ್ನ (3)'. 'ಷಡ್ಜದ ಮುಂದಿನ ಸ್ವರ (3)'.

ಕೊನೆಯದು, ಕರಿ ಮನೆ ಇಲ್ಲದೆ ಏಳೂ ಮನೆ ತುಂಬಿದ ಸಾಲು: 'ಕಾರ ಹುಣ್ಣಿಮೆಯ ಸಂಜೆ ಎತ್ತುಗಳ ಕೆಲಸ, ಇಲ್ಲಿ ಬೇರೊಬ್ಬರು ಮಾಡಿದ್ದಾರೆ (2, 5)'.

ಮುಂದೆ ಓದುವ ಮೊದಲು ನೀವೇ ಒಂದು ಕೈ ನೋಡಿ.

ಮೊದಲ ಸಾಲಿನಲ್ಲಿ ನಾಟಕ, ರಿಪೇರಿ. ಮೂರನೆಯದರ ಎಡಕ್ಕೆ ಕನಕ. ಕನಕದಾಸರು ಹುಟ್ಟಿದ್ದು ಹಾವೇರಿ ಜಿಲ್ಲೆಯ ಬಾಡ, ಕನಕ ಎಂದರೆ ಚಿನ್ನ. ಇಷ್ಟು ಸಿಕ್ಕ ಕೂಡಲೇ ಚುರುಕಾದ ಓದುಗರು ಒಂದು ಊಹೆಗೆ ಹಾರುತ್ತಾರೆ: "ಕನಕ ಹಿಂದಿನಿಂದ ಓದಿದರೂ ಕನಕ. ರಿಪೇರಿ ಹಿಂದಿನಿಂದ ಓದಿದರೂ ರಿಪೇರಿ. ಸಿಕ್ಕಿತು! ಎತ್ತಲಿಂದ ಹೋದರೂ ಒಂದೇ ಆಗಿರುವ ಗದಗದ ಥರದ ಪದಗಳು!"

ಒಳ್ಳೆಯ ಊಹೆ. ಆದರೆ ತಪ್ಪು. ನಾಟಕ ತಿರುಗಿಸಿದರೆ 'ಕಟನಾ'. ಹೊಂದಲಿಲ್ಲ. ಇಲ್ಲೇ ಜನ ಕೆಡುವುದು. ಹೊಂದದ ಪದವನ್ನು 'ಅದು ಗುಟ್ಟಿಗೆ ಸೇರಿದ್ದಲ್ಲ ಬಿಡು' ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದೇ ಥರದ ಜಾಗದಲ್ಲಿ ಕೂತ ಪದಗಳಲ್ಲಿ ಅರ್ಧಕ್ಕೆ ಒಪ್ಪಿ ಅರ್ಧಕ್ಕೆ ಒಪ್ಪದ ಊಹೆ ಊಹೆಯೇ ಅಲ್ಲ. ಹಾಗೇ ಶೀರ್ಷಿಕೆಯನ್ನೂ ಕೇಳಿ: ಅಗಸಿಗೂ ತಿರುಗಿಸಿ ಓದುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ಆ ಊಹೆಯನ್ನು ಬಿಟ್ಟುಬಿಡಿ.

ಎರಡನೇ ಸಾಲು ಗಾಯಕ, ರಿಯಾಜ್. ಈಗ ಮೂರೂ ಸಾಲನ್ನು ಒಂದರ ಕೆಳಗೆ ಒಂದು ಬರೆಯಿರಿ:

ನಾ ಟ ಕ ■ ರಿ ಪೇ ರಿ
ಗಾ ಯ ಕ ■ ರಿ ಯಾ ಜ್
ಕ ನ ಕ ■ ? ಷ ಭ

ಕಣ್ಣನ್ನು ಉತ್ತರಗಳ ಮೇಲಿಂದ ತೆಗೆದು ಕರಿ ಮನೆಯ ಮೇಲಿಡಿ. ಅದರ ಎಡಕ್ಕೆ ಕ, ಬಲಕ್ಕೆ ರಿ. ಪ್ರತಿ ಸಾಲಿನಲ್ಲೂ. (ಮೂರನೇ ಸಾಲಿನ '?' ಮನೆಗೆ ಹಂತ 7ರಲ್ಲಿ ಬರುತ್ತೇನೆ.) 'ಕರಿ' ಎಂಬ ಪದವನ್ನು ಕರಿ ಮನೆ ನಡುವೆ ನುಗ್ಗಿ ಹರಿದು ಹಾಕಿದೆ!

ಈಗ ಕೊನೆಯ ಸಾಲಿಗೆ ಹೋಗಿ. ಜ್ಯೇಷ್ಠದ ಕಾರ ಹುಣ್ಣಿಮೆಗೆ ನಮ್ಮ ಹಳ್ಳಿಗಳಲ್ಲಿ ಎತ್ತುಗಳಿಗೆ ಬಣ್ಣ ಬಳಿದು, ಸಿಂಗರಿಸಿ, ಸಂಜೆ ಓಡಿಸುತ್ತಾರೆ. ಅಗಸಿಗೆ ಅಡ್ಡ ಕಟ್ಟಿದ ಹಗ್ಗದ ತೋರಣವೇ ಕರಿ. ಅದನ್ನು ಮೊದಲು ಯಾವ ಎತ್ತು ಹರಿಯುತ್ತದೋ ಅದರ ಬಣ್ಣ ನೋಡಿ ಮುಂಗಾರಿ ಚೆನ್ನಾಗಿ ಬರುತ್ತದೋ ಹಿಂಗಾರಿಯೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಉತ್ತರ: ಕರಿ ಹರಿಯುವುದು. ಇದೇ ಕೀಲಿ ಪದ. ಆ 'ಬೇರೊಬ್ಬರು' ಯಾರು ಎಂದು ಈಗ ಗೊತ್ತಾಯಿತು. ಶೀರ್ಷಿಕೆ ಹೊಂದಿತು, ಮೂರೂ ಸಾಲು ಹೊಂದಿದವು, ಒಂದೂ ಹೊರಗೆ ಉಳಿಯಲಿಲ್ಲ. ಬೇಕಿದ್ದರೆ ಈ ಲೇಖನದ ಹೆಸರನ್ನೂ ಇನ್ನೊಮ್ಮೆ ಓದಿ ನೋಡಿ.

ಹಂತ 7: ಗುಟ್ಟನ್ನು ದುಡಿಸಿಕೊಳ್ಳಿ

ಗುಟ್ಟು ಸಿಕ್ಕರೆ ಆಟ ಮುಗಿಯಿತು ಎಂದು ಹಾಳೆ ಮಡಚುವವರಿದ್ದಾರೆ. ಅಡುಗೆ ಮಾಡಿ ಊಟ ಬಿಟ್ಟ ಹಾಗೆ ಅದು. ಇನ್ನು ಮುಂದೆ ಅದೇ ನಿಮಗೆ ಬಿಟ್ಟಿ ಅಕ್ಷರ ಕೊಡುತ್ತದೆ.

ಮೇಲೆ ಪ್ರಶ್ನೆ ಚಿಹ್ನೆ ಇಟ್ಟ ಮನೆ ನೋಡಿ. ಷಡ್ಜದ ಮುಂದಿನ ಸ್ವರವನ್ನು ಋಷಭ ಎಂದೂ ಬರೆಯುತ್ತಾರೆ, ರಿಷಭ ಎಂದೂ ಬರೆಯುತ್ತಾರೆ. ಆ ಮನೆಯನ್ನು ಯಾವ ಉದ್ದ ಪದವೂ ದಾಟುವುದಿಲ್ಲ ಎಂದುಕೊಳ್ಳಿ. ಸಾದಾ ಪದಬಂಧದಲ್ಲಾದರೆ ನಾಣ್ಯ ಚಿಮ್ಮಬೇಕಿತ್ತು. ಇಲ್ಲಿ ಬೇಡ. ಕರಿ ಹರಿದಿರಬೇಕಾದರೆ ಅದು 'ರಿ'ಯೇ ಆಗಬೇಕು. ಉತ್ತರ ರಿಷಭ, ಅನುಮಾನವೇ ಇಲ್ಲ.

ದೊಡ್ಡ ಪದಬಂಧವಾದರೆ ಈ ಲಾಭ ಇನ್ನೂ ಜಾಸ್ತಿ. ಎಡಗಡೆ ಪದ 'ಕ'ದಲ್ಲಿ ಮುಗಿದರೆ, ಬಲಗಡೆ ಏನೂ ಗೊತ್ತಿಲ್ಲದಿದ್ದರೂ 'ರಿ' ಬರೆದುಬಿಡಬಹುದು. ರಿಕ್ಷಾ, ರಿವಾಜು, ರಿಯಾಯಿತಿ ಎಂದು ಬಾಯಿಗೆ ಬರತೊಡಗುತ್ತವೆ. ಒಂದು ಎಚ್ಚರ ಮಾತ್ರ ಇರಲಿ. ಪದಬಂಧದ ಪ್ರತಿ ಕರಿ ಮನೆಗೂ ಇದು ಅನ್ವಯಿಸಬೇಕು ಎಂದೇನಿಲ್ಲ. ಗುಟ್ಟು ಹಾಸಿದ ಸಾಲು ಸಾಮಾನ್ಯವಾಗಿ ಮೂರರಿಂದ ಐದು. ಉಳಿದದ್ದು ತುಂಬುವ ಪದಗಳು.

ಬೇರೆ ಬೇರೆ ಅಡಗುತಾಣಗಳು

ಗುಟ್ಟು ಎಲ್ಲೆಲ್ಲಿ ಅಡಗಬಹುದು ಎಂದು ಗೊತ್ತಿದ್ದರೆ ಹುಡುಕುವುದು ಹಗುರ. ನಾನು ಜಾಸ್ತಿ ಕಂಡದ್ದು ಇವು.

ಒಂದೇ ಮನೆಯಲ್ಲಿ ಎರಡು ಅಕ್ಷರ. ಇದಕ್ಕೆ ರೀಬಸ್ ಎನ್ನುತ್ತಾರೆ. 'ಬ್ರೆಡ್ಡು, ಖಾರಿ ಸಿಗುವ ಅಂಗಡಿ' ಎಂದಿದೆ, ಮನೆ ಎರಡೇ. ಬೇಕರಿ ಎಂದು ಗೊತ್ತು, ಹಿಡಿಯುತ್ತಿಲ್ಲ. ಇನ್ನೊಂದು ಕಡೆ ನೌಕರಿಗೂ ಎರಡೇ ಮನೆ. ಮತ್ತೊಂದು ಕಡೆ ಸ್ವೀಕರಿಸು ಎಂಬುದಕ್ಕೆ ಮೂರೇ. ಮೂರರಲ್ಲೂ 'ಕರಿ'ಯನ್ನು ಒಂದೇ ಮನೆಗೆ ತುರುಕಬೇಕು. ಶೀರ್ಷಿಕೆ 'ಮನೆಯೊಳಗೆ ಆನೆ' ಎಂದಿದ್ದರೆ? ಕರಿ ಅಂದರೆ ಆನೆಯೂ ಹೌದಲ್ಲ! ಅದೇ ಎರಡು ಅಕ್ಷರ, ಬೇರೆಯೇ ಆಟ. ಇಲ್ಲಿ ಗುರುತು ಏನೆಂದರೆ, ಉತ್ತರ ನೂರಕ್ಕೆ ನೂರು ಸರಿ ಎನ್ನಿಸಿದರೂ ಮನೆ ಸಾಲದು. ಒಂದು ಸಲ ಹೀಗಾದರೆ ನಿಮ್ಮ ತಪ್ಪು ಇರಬಹುದು. ಮೂರನೇ ಸಲಕ್ಕೆ ಹೆಣೆದವರ ಆಟ.

ಏನೋ ಉದುರಿಸುವುದು. ಶೀರ್ಷಿಕೆ 'ಒತ್ತಾಯವಿಲ್ಲ' ಎಂದುಕೊಳ್ಳಿ. 'ಅನ್ನಕ್ಕೆ ಬೇಕಾದ ಕಾಳು (2)' ಎಂದರೆ ಅಕ್ಕಿ. ಆದರೆ ಎರಡನೇ ಮನೆಯಿಂದ ಕೆಳಕ್ಕೆ ಇಳಿಯುವ ಪದ ಕಿಟಕಿ. ಅಲ್ಲಿ 'ಕಿ' ಬೇಕು, 'ಕ್ಕಿ' ಕೂರದು. 'ಅಗಸನ ಭಾರ ಹೊತ್ತ ಪ್ರಾಣಿ' ಕತ್ತೆ, ಮನೆಯಲ್ಲಿ ಕೂರುವುದು 'ಕತೆ'. ಹಳ್ಳಿ ಹಳಿಯಾಗುತ್ತದೆ, ಇಲ್ಲಿ ಇಲಿಯಾಗುತ್ತದೆ. ಒತ್ತು ಆಯ್ದು ಹಾಕಿದ್ದಾರೆ. ಅಕ್ಕಿ 'ಅಕಿ' ಆಗಿದ್ದು ನಮ್ಮ ಕಡೆಯವರಿಗೆ ಇನ್ನೂ ಮಜಾ, ನಮ್ಮಲ್ಲಿ 'ಅಕಿ' ಅಂದರೆ ಅವಳು. ಇಂಥದ್ದರಲ್ಲಿ ಸುಳಿವು ಪೂರ್ತಿ ಪದಕ್ಕೆ ಇರುತ್ತದೆ, ಬರೆಯುವುದು ಉದುರಿದ ಪದವನ್ನು. ಎರಡನ್ನೂ ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಂಡರೆ ಏನು ಉದುರಿತು ಎಂದು ಗೊತ್ತಾಗುತ್ತದೆ.

ಅಂಚಿನ ಸಾಲು. ಮೇಲಿನ ಸಾಲು, ಕೊನೆಯ ಸಾಲು, ಕರ್ಣ, ಸುಳಿವುಗಳ ಮೊದಲ ಅಕ್ಷರ, ಉತ್ತರಗಳ ಮೊದಲ ಅಕ್ಷರ. ತುಂಬಿದ ಮೇಲೆ ಇವನ್ನೆಲ್ಲ ಒಮ್ಮೆ ಓದಿ. ಎರಡು ನಿಮಿಷದ ಕೆಲಸ. ನಿಜವಾದ 'ನೀನಾ' ಇರುವುದು ಬಹಳ ಸಲ ಇಲ್ಲೇ.

ಸಿಕ್ಕಿಕೊಂಡರೆ?

ಬಿಟ್ಟು ಏಳಿ. ಚಹಾ ಕುಡಿದು ಬನ್ನಿ. ಇನ್ನೊಬ್ಬರಿಗೆ ಸುಳಿವನ್ನು ಗಟ್ಟಿಯಾಗಿ ಓದಿ ಹೇಳಿ. ಕಣ್ಣಿಗೆ ಕಾಣದ ಆಟ ಕಿವಿಗೆ ಬೀಳುತ್ತದೆ. 'ಹಾನಗಲ್ಲ', 'ಹಾವೇರಿ' ಎರಡೂ ಕಿವಿಯಿಂದಲೇ ಸಿಗುವಂಥವು. ಆದರೆ ಉತ್ತರ ಗೊತ್ತಿರುವವರ ಹತ್ತಿರ ಹೋಗಬೇಡಿ. ಅವರು 'ಬಿಸಿ ಆಯ್ತು, ತಣ್ಣಗಾಯ್ತು' ಎನ್ನುತ್ತಲೇ ಮುಖದಲ್ಲಿ ಎಲ್ಲ ಹೇಳಿಬಿಡುತ್ತಾರೆ.

ಇನ್ನೂ ಒಂದು ಮಾತು. ಹೆಣೆದವರ ತಪ್ಪೂ ಇರಬಹುದು. ನಾನೇ ಒಮ್ಮೆ ಸೊನ್ನೆಗೆ ಬೇರೆ ಮನೆ ಕೊಟ್ಟು, ಬಿಡಿಸುವವರು ಅದನ್ನೇ ಗುಟ್ಟು ಎಂದು ಎರಡು ದಿನ ಹುಡುಕುವ ಹಾಗೆ ಮಾಡಿದ್ದೇನೆ. ವಿಚಿತ್ರ ಒಂದೇ ಕಡೆ ಇದ್ದರೆ ಅಚ್ಚಿನ ತಪ್ಪು ಎಂದು ತಿಳಿದು ಮುಂದೆ ಹೋಗಿ. ಮೂರು ಕಡೆ ಇದ್ದರೆ ಕೂತುಕೊಳ್ಳಿ.

ಕೈಗೊಂದು ಕೆಲಸ

ಮೂರೇ ಸುಳಿವು. ಶೀರ್ಷಿಕೆ: 'ಹೋಗುವಾಗಲೂ ಬರುವಾಗಲೂ'.

1. ಕೈ ಇದೆ, ಚಪ್ಪಾಳೆ ಇಲ್ಲ. ಓಡುತ್ತದೆ, ಗೋಡೆ ಬಿಡುವುದಿಲ್ಲ (4)
2. ಬನ್ನಿ ಕೊಟ್ಟು 'ಮನೆಗೆ ಬನ್ನಿ' ಎನ್ನುವ ಹಬ್ಬ (3)
3. ಕೆಂಪಗಿದೆ, ನೆಲದೊಳಗಿದೆ, ನಮ್ಮ ಕಡೆಯವರ ಕ್ಯಾರೆಟ್ (3)

ಗುಟ್ಟು ಉತ್ತರಗಳ ತಲೆಯಲ್ಲಿದೆ. ಸಿಕ್ಕ ಊರು ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್.